ಶೆವೆಲ್‌ಗೆ 5.3 ಇಂಜಿನ್ ಕೂರಿಸೋ ಮುಂಚೆ ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿ

ಡಲ್ಲಾಸ್ ಗುರುಗಳೇ, ನಿಮ್ಮ 70ರ ಶೆವೆಲ್ ಮಾಲಿಬು ಫೋಟೋಗಳನ್ನ ನೋಡಿದೆ. ಆ ಹಳೇ ಕಾರ್ಬುರೇಟರ್ ಕಾರಿಗೆ 2004ರ ಟ್ರಕ್ಕಿನ 5.3 ಲೀಟರ್ ಇಂಜೆಕ್ಷನ್ ಇಂಜಿನ್ ಕೂರಿಸ್ತಿದ್ದೀರಿ. ನೀವು ಕೇಳಿರೋದು ಇಂಜಿನ್‌ಗೆ ಕ್ಯಾಮ್ ಯಾವುದು ಹಾಕ್ಲಿ, ಹೆಡರ್‌ಗೆ (ಎಕ್ಸಾಸ್ಟ್ ಪೈಪಿಗೆ) ಸೆರಾಮಿಕ್ ಕೋಟಿಂಗ್ ಬೇಕಾ ಅಂತ. ಅದಕ್ಕೆ ಆಗ್ಲೇ ಹತ್ತು ಜನ ಹತ್ತು ಥರ ಹೇಳಿದ್ದಾರೆ. ನನ್ನ ಕಣ್ಣು ನಿಂತಿದ್ದು ನಾಲ್ಕನೇ ಫೋಟೋ ಮೇಲೆ. ಹಿಂದಿನ ಆಕ್ಸಲ್ ಮೇಲ್ಗಡೆ ಫ್ರೇಮ್ ರೈಲಿಗೆ ಇನ್‌ಲೈನ್ ಪಂಪ್ (ಟ್ಯಾಂಕಿನ ಹೊರಗೆ, ಲೈನಿನ ಮಧ್ಯೆ ಕೂರೋ ಪೆಟ್ರೋಲ್ ಪಂಪ್) ಬೋಲ್ಟ್ ಮಾಡಿದ್ದೀರಿ. ಟ್ಯಾಂಕು ಹಳೇದೇ, ಲೈನೂ ಹಳೇ 5/16 ಇಂಚಿಂದೇ. "ಟ್ಯಾಂಕ್ ಕ್ಲೀನ್ ಮಾಡಿಸಾಯ್ತು, ಫ್ಯೂಯೆಲ್ ಕೆಲಸ ಮುಗೀತು" ಅಂತ ಬೇರೆ ಬರೆದಿದ್ದೀರಿ. ಮುಗಿದಿಲ್ಲ ಸ್ವಾಮಿ. ಇಂಥದ್ದೇ ಪಂಪನ್ನ ಇದೇ ಜಾಗದಲ್ಲಿ ಬೋಲ್ಟ್ ಮಾಡಿ ನಾನು ಒಂದು ಇಡೀ ಬೇಸಿಗೆ ಕಳ್ಕೊಂಡಿದ್ದೀನಿ.

ನಂದು 69ರ ಶೆವೆಲ್. 2002ರ ಟ್ರಕ್ಕಿನ ಎಲ್‌ಎಂ7, ಅಂದ್ರೆ 5.3 ಇಂಜಿನ್ನೇ, ಹಿಂದೆ 4ಎಲ್60ಇ ಗೇರ್‌ಬಾಕ್ಸ್. ಇಲ್ಲಿ ಮಿಶಿಗನ್‌ನಲ್ಲಿ ಚಳಿಗಾಲ ಪೂರ್ತಿ ಗರಾಜಿನಲ್ಲಿ ಹೀಟರ್ ಇಟ್ಕೊಂಡು ಕೂರಿಸಿದ್ದು. ಮೇ ತಿಂಗಳಲ್ಲಿ ಮೊದಲ ಸಲ ಕೀ ತಿರುಗಿಸಿದಾಗ ಒಂದೇ ಸೆಲ್ಫ್‌ಗೆ ಹಿಡೀತು. ಮನೆ ಸುತ್ತ ಓಡಿಸಿದೆ, ಫ್ರೀವೇಲಿ ಓಡಿಸಿದೆ, ಬೆಣ್ಣೆ ಥರ ಹೋಯ್ತು. ಆಗಸ್ಟ್‌ನಲ್ಲಿ ಡ್ರೀಮ್ ಕ್ರೂಸ್ (ಹಳೇ ಕಾರುಗಳ ಮೆರವಣಿಗೆ) ದಿನ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ವುಡ್‌ವರ್ಡ್ ರಸ್ತೆಗೆ ಹೋದೆ. ಇಲ್ಲಿಯವರಿಗೆ ಗೊತ್ತು, ವುಡ್‌ವರ್ಡ್‌ನಲ್ಲಿ ಸಿಗ್ನಲ್ ಹತ್ರ ನೇರ ಎಡಕ್ಕೆ ತಿರುಗೋ ಹಾಗಿಲ್ಲ. ಮುಂದೆ ಹೋಗಿ ಮೀಡಿಯನ್‌ನಲ್ಲಿ ಎಡಕ್ಕೆ ಉದ್ದನೆಯ ಯು ಟರ್ನ್ ಹೊಡೀಬೇಕು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಅರ್ಧ ತಿರುಗಿದೆ, ಇಂಜಿನ್ ಸತ್ತೋಯ್ತು. ಪವರ್ ಸ್ಟಿಯರಿಂಗ್ ಇಲ್ಲ, ಹಿಂದೆ ಐವತ್ತು ಕಾರು, ಎರಡೂ ಕಡೆ ಕುರ್ಚಿ ಹಾಕ್ಕೊಂಡು ಕೂತ ಜನ. ಎರಡು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು. ಮುಂದಿನ ಯು ಟರ್ನ್‌ನಲ್ಲಿ ಮತ್ತೆ ಅದೇ ಕಥೆ. ಮಗಳು "ಅಪ್ಪಾ, ಬಲಗಡೆ ಮಾತ್ರ ತಿರುಗಿಸು" ಅಂದಳು. ರೋಗ ಏನು ಅಂತ ಅವಳು ಅಲ್ಲೇ ಹೇಳಿಬಿಟ್ಟಿದ್ದಳು, ನನಗೆ ಕೇಳಿಸ್ಲಿಲ್ಲ.

ನಾನು ಹೋಗಿ ಹಿಡ್ಕೊಂಡಿದ್ದು ಕರೆಂಟ್ ಕಡೆ. ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದೆ, ಕಾಯಿಲ್‌ಗಳನ್ನ ಬದಲಾಯಿಸಿದೆ, ಗ್ರೌಂಡ್ ಎಲ್ಲಾ ಬಿಚ್ಚಿ ಉಜ್ಜಿದೆ, ಯಾರದೋ ಮಾತು ಕೇಳಿ ಇನ್ನೊಂದು ಪಿಸಿಎಂ (ಇಂಜಿನ್ ಕಂಪ್ಯೂಟರ್) ತಂದೆ. ಆರು ವಾರ. ಕೊನೆಗೆ ನಮ್ಮ ಬೀದಿಯ ನಿವೃತ್ತ ಮೆಕ್ಯಾನಿಕ್ ತಾತ ಒಬ್ಬರು ಬಂದು, ಉದ್ದ ಹೋಸಿನ ಪ್ರೆಶರ್ ಗೇಜ್ ತಗೊಂಡು ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಫ್ಯೂಯೆಲ್ ರೈಲಿನ ಟೆಸ್ಟ್ ಪೋರ್ಟಿಗೆ ಸಿಕ್ಕಿಸಿ, ಬಾನೆಟ್ಟಿನ ಹಿಂದಿನ ಸಂದಿಯಿಂದ ಹೊರಗೆ ತೆಗೆದು, ಗ್ಲಾಸಿನ ಮೇಲೆ ವೈಪರ್ ಪಕ್ಕ ಟೇಪ್ ಹಾಕಿದ್ರು. ಗ್ಲಾಸಿನ ಹೊರಗಡೆ, ಗೊತ್ತಾಯ್ತಾ? ಆ ಹೋಸನ್ನ ಯಾವತ್ತೂ ಕಾರಿನ ಒಳಕ್ಕೆ ತರಬೇಡಿ. ಶಾಲೆಯ ಖಾಲಿ ಪಾರ್ಕಿಂಗ್‌ನಲ್ಲಿ ಸುತ್ತು ಹೊಡೆದ್ವಿ. ನೇರ ಹೋದ್ರೆ ಪೆಟ್ರೋಲ್ ಒತ್ತಡ 58 ಪಿಎಸ್‌ಐ, ಬೇಕಾದಷ್ಟೇ. ಬಲಕ್ಕೆ ತಿರುಗಿದ್ರೂ 58. ಎಡಕ್ಕೆ ಉದ್ದಕ್ಕೆ ತಿರುಗಿದ್ರೆ ಮುಳ್ಳು ಒಂದು ಸಲ ನಡುಗಿ 40, 25, ಆಮೇಲೆ ಬಿದ್ದೇ ಹೋಯ್ತು. ಇಂಜಿನ್ ಕೂಡ.

ಕಾರ್ಬುರೇಟರ್ ಕಾರಿಗೆ ಹಳೇ ಟ್ಯಾಂಕ್ ಸಾಕಾಗ್ತಿತ್ತು, ಯಾಕಂದ್ರೆ ಅದರೊಳಗೆ ಪೆಟ್ರೋಲ್ ತುಂಬಿಟ್ಟಿರೋ ಫ್ಲೋಟ್ ಬೌಲ್ ಅನ್ನೋದು ಮನೆ ಮೇಲಿನ ಸಿಂಟೆಕ್ಸ್ ಇದ್ದ ಹಾಗೆ. ಕೆಳಗೆ ಮೋಟ್ರು ಒಂದೆರಡು ಸೆಕೆಂಡ್ ಗಾಳಿ ಎಳೆದ್ರೂ ನಲ್ಲೀಲಿ ನೀರು ಬರ್ತಾನೇ ಇರುತ್ತೆ. ಇಂಜೆಕ್ಷನ್ ಅಂದ್ರೆ ಬೋರ್‌ವೆಲ್‌ನಿಂದ ನೇರ ನಲ್ಲಿಗೆ. ಮೋಟ್ರು ಗಾಳಿ ಕುಡೀತು ಅಂದ್ರೆ ಆ ಕ್ಷಣಕ್ಕೆ ನಲ್ಲಿ ಒಣಗ್ತು. ಹಳೇ ಟ್ಯಾಂಕಿನಲ್ಲಿ ಪಂಪಿನ ಬಾಯಿ ಹತ್ರ ಪೆಟ್ರೋಲ್ ಹಿಡಿದಿಡೋ ಬ್ಯಾಫಲ್ ಇಲ್ಲ, ತಿರುವಿನಲ್ಲಿ ಪೆಟ್ರೋಲ್ ಎಲ್ಲಾ ಒಂದು ಪಕ್ಕಕ್ಕೆ ಓಡುತ್ತೆ.

ಇನ್ನೊಂದು, ಈ ಪಂಪ್‌ಗಳು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ದಂಡ. ನೀವು ಅದನ್ನ ಟ್ಯಾಂಕಿಗಿಂತ ಮೇಲೆ ಇಟ್ಟಿದ್ದೀರಿ. ಅಲ್ಲಿ ಪೆಟ್ರೋಲ್ ಒಳಗೆ ಮುಳುಗಿಲ್ಲದೆ ಇರೋದ್ರಿಂದ ಪಂಪಿಗೆ ತಂಪೂ ಇಲ್ಲ, ಪಕ್ಕದಲ್ಲೇ ಎಕ್ಸಾಸ್ಟ್ ಬೇರೆ. ಸಣ್ಣವನಿದ್ದಾಗ ನಮ್ಮ ದೊಡ್ಡಪ್ಪನ ಅಂಬಾಸಿಡರ್ ಆಗುಂಬೆ ಘಾಟಿಯಲ್ಲಿ ನಿಂತಾಗೆಲ್ಲ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯ್ತಿದ್ವಿ. ಡಲ್ಲಾಸ್‌ನ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ನೀವೂ ಒದ್ದೆ ಟವೆಲ್ ಇಟ್ಕೊಂಡು ಓಡಾಡ್ತೀರಾ?

ಈಗ ನನ್ನ ಕಾರಲ್ಲಿ ಇರೋದು ಇಷ್ಟು. ಒಳಗೇ ಪಂಪ್ ಕೂರೋ, ಪಂಪಿನ ಸುತ್ತ ಟ್ರೇ ಇರೋ ಹೊಸ ಇಂಜೆಕ್ಷನ್ ಟ್ಯಾಂಕ್. ಟ್ಯಾಂಕ್ಸ್ ಇಂಕ್ ಅವರದ್ದು ನಂದು, ಹೋಲಿ ಅವರದ್ದೂ ಬರುತ್ತೆ, ಎರಡೂ ಸರಿ. ಒಳಗೆ ವಾಲ್‌ಬ್ರೋ 255 ಪಂಪ್. ಟ್ಯಾಂಕಿನ ಪಕ್ಕದಲ್ಲೇ ಸಿ5 ಕಾರ್ವೆಟ್‌ನ ಫಿಲ್ಟರ್ ಕಮ್ ರೆಗ್ಯುಲೇಟರ್, ವಿಕ್ಸ್ 33737. ಅದಕ್ಕೆ ಮೂರು ಬಾಯಿ. ಒಂದು ಪಂಪಿನಿಂದ ಒಳಕ್ಕೆ, ಒಂದು ವಾಪಸ್ ಟ್ಯಾಂಕಿಗೆ, ಒಂದು ಮುಂದಕ್ಕೆ ಇಂಜಿನ್‌ಗೆ. 58 ಪಿಎಸ್‌ಐ ಅದೇ ನೋಡ್ಕೊಳ್ಳುತ್ತೆ. ಮುಂದಕ್ಕೆ ಒಂದೇ 3/8 ಇಂಚಿನ ಲೈನ್. ನಿಮ್ಮ 2004ರ ಫ್ಯೂಯೆಲ್ ರೈಲಿಗೆ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನ್ ಇಲ್ಲ, ಫೋಟೋದಲ್ಲೇ ಕಾಣ್ತಿದೆ, ಹಾಗಾಗಿ ನಿಮಗಂತೂ ಇದು ಅಳತೆ ಕೊಟ್ಟು ಹೊಲಿಸಿದ ಹಾಗೆ. 600 ಕುದುರೆ, ಟರ್ಬೋ ಅಂತೆಲ್ಲ ಆಸೆ ಇದ್ರೆ ಮಾತ್ರ ಈ ಫಿಲ್ಟರ್ ಬಿಟ್ಟು ದೊಡ್ಡ ರೆಗ್ಯುಲೇಟರ್ ಕಡೆ ಹೋಗಿ. ಮಕ್ಕಳನ್ನ ಐಸ್ ಕ್ರೀಮ್‌ಗೆ ಕರ್ಕೊಂಡು ಹೋಗೋ ಕಾರಿಗೆ ಬೇಡ.

ಪಂಪ್ ತಗೋಳ್ಳೋವಾಗ ಹೆಸರಿರೋ ಡೀಲರ್ ಹತ್ರಾನೇ ತಗೊಳ್ಳಿ. ನಾನು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ತು ಅಂತ ಒಂದು ತರಿಸಿದ್ದೆ. ಡಬ್ಬಿ ಒರಿಜಿನಲ್ ಥರಾನೇ ಇತ್ತು, ಒಳಗಿನ ಮಾಲು ನಕಲಿ. ಮೂರು ವಾರಕ್ಕೆ ಕಿರುಚೋಕೆ ಶುರು ಮಾಡ್ತು.

ಹೋಸ್ ವಿಷಯಕ್ಕೆ ಸ್ವಲ್ಪ ಬೈತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಫೋಟೋದಲ್ಲಿ ಪಂಪಿಗೆ ಹಾಕಿರೋದು ಕಾರ್ಬುರೇಟರ್ ಹೋಸು, 30ಆರ್7 ಅಂತ ಅಚ್ಚು ಓದೋಕೆ ಸಿಗ್ತಿದೆ. ಮೇಲೆ ಸ್ಕ್ರೂ ತಿರುಗಿಸೋ ಮಾಮೂಲಿ ಕ್ಲಾಂಪು. ಅದು ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ ಮಾಡಿದ್ದು. 58ಕ್ಕೆ ಕಡಿಮೆ ಅಂದ್ರೂ 30ಆರ್9, ಇಂಜೆಕ್ಷನ್ ಕ್ಲಾಂಪ್. ಟ್ಯಾಂಕಿನ ಒಳಗೆ ಮುಳುಗೋ ತುಂಡಿಗೆ 30ಆರ್10 ಮಾತ್ರ, ಹೊರಗಿನ ಹೋಸ್ ಒಳಗೆ ಹಾಕಿದ್ರೆ ಪೆಟ್ರೋಲಿನಲ್ಲಿ ಊದಿ ಮೆತ್ತಗಾಗಿ ಕಳಚಿಕೊಳ್ಳುತ್ತೆ. ಕೈಯಲ್ಲಿ ದುಡ್ಡಿದ್ರೆ ಪಿಟಿಎಫ್‌ಇ (ಟೆಫ್ಲಾನ್) ಲೈನ್ ಹಾಕಿ, ಪೆಟ್ರೋಲ್ ವಾಸನೆ ಗರಾಜಿಗೆ ಬರಲ್ಲ. ಪಂಪಿಗೆ ಕರೆಂಟು ರಿಲೇ ಮೂಲಕ, ಬ್ಯಾಟರಿಯಿಂದ ದಪ್ಪ ವೈರಲ್ಲಿ ಎಳೀರಿ, ಫ್ಯೂಸ್ ಬ್ಯಾಟರಿ ಹತ್ರಾನೇ ಇರ್ಲಿ. ಕೀ ಆನ್ ಮಾಡಿದಾಗ ಪಿಸಿಎಂ ಎರಡು ಸೆಕೆಂಡ್ ಪಂಪ್ ಓಡಿಸಿ ನಿಲ್ಲಿಸುತ್ತೆ. ಅದನ್ನ ನೋಡಿ ಪಂಪ್ ಕೆಟ್ಟಿದೆ ಅಂತ ನೇರ ವೈರ್ ಕೊಟ್ಟವರನ್ನ ನಾನು ನೋಡಿದ್ದೀನಿ. ಇಂಜಿನ್ ಆಫ್ ಆದ್ರೂ, ಆಕ್ಸಿಡೆಂಟ್ ಆದ್ರೂ ಅದು ಓಡ್ತಾನೇ ಇರುತ್ತೆ. ಬೇಡ.

ಟ್ಯಾಂಕಿಗೆ ಗಾಳಿ ಆಡೋ ವೆಂಟ್ ಇದೆಯಾ ಅಂತಾನೂ ನೋಡಿ. ಹೊಸ ಟ್ಯಾಂಕಿಗೆ ರೋಲ್‌ಓವರ್ ವಾಲ್ವ್ (ಕಾರು ಮಗುಚಿದ್ರೆ ಪೆಟ್ರೋಲ್ ಸುರಿಯದ ಹಾಗೆ ತಡೆಯೋದು) ಬರುತ್ತೆ, ಬಿಟ್ಟುಬಿಡ್ಬೇಡಿ.

2004 ಅಂದ್ಮೇಲೆ ನಿಮ್ಮದು ಡ್ರೈವ್ ಬೈ ವೈರ್, ಪೆಡಲ್‌ನಿಂದ ಥ್ರಾಟಲ್‌ಗೆ ಕೇಬಲ್ ಇಲ್ಲ, ವೈರ್ ಮಾತ್ರ. ಇಂಜಿನ್ ಜೊತೆ ಪೆಡಲ್ಲು, ಟ್ಯಾಕ್ (ಥ್ರಾಟಲ್ ಕಂಟ್ರೋಲ್) ಮಾಡ್ಯೂಲ್ ಎರಡೂ ಕೇಳಿ ಈಸ್ಕೊಂಡ್ರಾ? ಇಲ್ಲಾಂದ್ರೆ ಆ ಜಂಕ್‌ಯಾರ್ಡ್‌ಗೆ ಇವತ್ತೇ ಫೋನ್ ಮಾಡಿ. ಪೆಡಲ್, ಮಾಡ್ಯೂಲ್, ಥ್ರಾಟಲ್ ಬಾಡಿ, ಪಿಸಿಎಂ ಒಂದಕ್ಕೊಂದು ಹೊಂದಬೇಕು, ಒಂದೊಂದು ಕಡೆಯಿಂದ ಒಂದೊಂದು ತಂದ್ರೆ ತಲೆ ಚಚ್ಚಿಕೊಳ್ಳೋದೇ. ಸ್ಟಾಕ್ ಪಿಸಿಎಂ ಇಟ್ಕೊಂಡು ಎಚ್‌ಪಿ ಟ್ಯೂನರ್ಸ್ ಸಾಫ್ಟ್‌ವೇರ್‌ನಲ್ಲಿ ಕಳ್ಳತನ ಲಾಕ್ ತೆಗೆಸಿದ್ರೆ ಸಾಕು ಅನ್ನೋನು ನಾನು. ಹೋಲಿ ಅವರ ಇಂಜಿನ್ ಕಂಪ್ಯೂಟರ್ ಟರ್ಮಿನೇಟರ್ ಎಕ್ಸ್ ಚೆನ್ನಾಗಿದೆ, ಆದ್ರೆ ಸ್ಟಾಕ್ ಇಂಜಿನ್‌ಗೆ ಅಷ್ಟು ದುಡ್ಡು ಯಾಕೆ? ಆ ದುಡ್ಡಲ್ಲಿ ಟ್ಯಾಂಕ್ ಬರುತ್ತೆ.

ಇನ್‌ಟೇಕ್ ಬಿಚ್ಚಿದಾಗ ಅದರ ಕೆಳಗಿರೋ ಎರಡು ನಾಕ್ ಸೆನ್ಸರ್ ಬದಲಾಯಿಸಿ, ಹಿಂದಿನದಕ್ಕೆ ನೀರು ನಿಂತು ತುಕ್ಕು ಹಿಡಿದಿರುತ್ತೆ. ಹೆಡ್ಡಿನ ಮುಂದಿನ, ಕೂಲೆಂಟಿನ ಹಬೆ ಹೊರಗೆ ಬಿಡೋ ಸ್ಟೀಮ್ ಪೈಪನ್ನ "ಇದ್ಯಾಕೆ" ಅಂತ ಮುಚ್ಚಬೇಡಿ, ರೇಡಿಯೇಟರ್ ಮೇಲ್ಭಾಗಕ್ಕೆ ಕೊಡಿ. ಟ್ರಕ್ ಆಯಿಲ್ ಪ್ಯಾನ್ ಕ್ರಾಸ್‌ಮೆಂಬರ್‌ಗಿಂತ ಕೆಳಗೆ ಜೋತಾಡುತ್ತೆ, ಮೊದಲ ಸ್ಪೀಡ್ ಬ್ರೇಕರ್‌ಗೇ ಹೋಗುತ್ತೆ. ಹೋಲಿ 302 ಸರಣಿಯ ಪ್ಯಾನ್ ಹಾಕಿ. ಫ್ರೇಮ್ ಮಾತ್ರ ಕತ್ತರಿಸಬೇಡಿ!

ಗೇರ್‌ಬಾಕ್ಸ್‌ಗೆ ಬಂದ್ರೆ, 4ಎಲ್60ಇ ಒಳಗಿನ 3-4 ಕ್ಲಚ್ ಪ್ಯಾಕ್ ಸುಟ್ಟು ಹೋಗೋದು ಹಳೇ ಕಾಯಿಲೆ. ಜಂಕ್‌ಯಾರ್ಡ್‌ದನ್ನ ಹಾಗೇ ಹಾಕೋ ಮುಂಚೆ ಪ್ಯಾನ್ ಬಿಚ್ಚಿ ಎಣ್ಣೆ ಮೂಸಿ ನೋಡಿ. ಹಳೇ ಟಿಎಚ್350 ಗೇರ್‌ಬಾಕ್ಸ್ ಜಾಗದಲ್ಲಿ ಕೂರಿಸಿದ್ರೆ ಮೌಂಟ್ ಹಿಂದಕ್ಕೆ ಹೋಗುತ್ತೆ, ಡ್ರೈವ್‌ಶಾಫ್ಟ್ ಮೋಟು ಮಾಡಿಸ್ಬೇಕು. ನಂದು ಸುಮಾರು ಮೂರು ಇಂಚು ಕಡಿಮೆ ಆಯ್ತು, ಆ ಅಳತೆ ನಂಬ್ಕೊಂಡು ಆರ್ಡರ್ ಕೊಡ್ಬೇಡಿ. ಇಂಜಿನ್ ಮೌಂಟ್ ಪ್ಲೇಟ್ ಯಾವುದು ಅನ್ನೋದರ ಮೇಲೆ ಬದಲಾಗುತ್ತೆ. ಕಾರು ಜ್ಯಾಕ್ ಮೇಲೆ ಇದ್ದಾಗ ಅಲ್ಲ, ಚಕ್ರದ ಮೇಲೆ ಭಾರ ಬಿದ್ದಾಗ ಅಳೀರಿ. ಗೇರ್‌ಬಾಕ್ಸ್ ಬಾಲ ಎಷ್ಟು ಡಿಗ್ರಿ ಕೆಳಗೋ ಹಿಂದಿನ ಆಕ್ಸಲ್‌ನ ಪಿನಿಯನ್ ಅಷ್ಟೇ ಮೇಲೆ, ಇಲ್ಲಾಂದ್ರೆ 60 ಮೈಲಿ ಸ್ಪೀಡಿಗೆ ಸೀಟು ಗುಂಯ್ ಅನ್ನುತ್ತೆ.

ಆ ಹಳೇ 307 ಇಂಜಿನ್ ತೆಗೆದಿದ್ದಕ್ಕೆ ಯಾರೂ ಅಳಲ್ಲ, ಆದ್ರೂ ಮಾರಬೇಡಿ, ಮೂಲೇಲಿ ಕವರ್ ಹಾಕಿಡಿ.

ಟ್ಯಾಂಕ್ ಆರ್ಡರ್ ಮಾಡೋವಾಗ ಪೆಟ್ರೋಲ್ ಮಟ್ಟ ಅಳೆಯೋ ಸೆಂಡರ್ 0ಯಿಂದ 90 ಓಮ್‌ದೇ ಬೇಕು ಅಂತ ಕೇಳಿ, ನಿಮ್ಮ ಡ್ಯಾಶ್ ಗೇಜ್‌ಗೆ ಬೇರೆದು ಹೊಂದಲ್ಲ. ಹಳೇ ಟ್ಯಾಂಕ್ ಇಳಿಸೋ ದಿನ ಗರಾಜ್ ಬಾಗಿಲು ತೆಗೆದಿರ್ಲಿ, ವಾಟರ್ ಹೀಟರ್‌ನ ಪೈಲಟ್ ಆಫ್ ಇರ್ಲಿ. ಇಳಿಸಿದ್ಮೇಲೆ ಫೋಟೋ ಹಾಕಿ, ರೆಗ್ಯುಲೇಟರ್ ಎಲ್ಲಿ ಕೂರಿಸೋದು ಅಂತ ಗುರುತು ಹಾಕಿ ಕಳಿಸ್ತೀನಿ. ಕ್ಯಾಮ್ ವಿಷಯ ಆಮೇಲೆ ಮಾತಾಡೋಣ.