ಫೆಬ್ರುವರಿಯ ಗೊಂಚಲಿಗೆ ಮೇ ತಿಂಗಳ ಬಿಸಿಲು

ಪ್ರಶ್ನೆ: ಅಕ್ಕಾ, ನಮ್ಮದು ಒಂದು ಎಕರೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಪಡ (ತೋಟ). ನಾಲ್ಕು ವರ್ಷದಿಂದ ರಾಸಾಯನಿಕ ಮುಟ್ಟಿಲ್ಲ. ಬಳ್ಳಿ ಕಪ್ಪು ಹಸಿರಾಗಿ ತುಂಬಿಕೊಂಡಿತ್ತು. ಆದರೆ ಅಕ್ಟೋಬರ್ ಚಾಟ್ನಿ (ಕಡ್ಡಿ ಸವರುವುದು) ಆದ ಮೇಲೆ ಗಿಡಕ್ಕೆ ಎಂಟು ಹತ್ತು ಗೊಂಚಲು ಬಂದರೆ ಹೆಚ್ಚು. ಪಕ್ಕದ ತೋಟದವರು ‘ಔಷಧಿ ಇಲ್ಲದೆ ದ್ರಾಕ್ಷಿ ಆಗಲ್ಲ’ ಅಂತಾರೆ. ಚಾಟ್ನಿ ಗ್ಯಾಂಗಿನವರು ಕತ್ತರಿ ಹಾಕಿದ್ದು ತಪ್ಪಾಯಿತಾ?
– ಓದುಗರು, ಅಥಣಿ ತಾಲ್ಲೂಕು

ಉತ್ತರ: ತಮ್ಮಾ, ಗ್ಯಾಂಗಿನವರನ್ನು ಬೈಯಬೇಡ. ಅಕ್ಟೋಬರ್‌ನಲ್ಲಿ ಕತ್ತರಿ ಹಿಡಿದವರು ಇದ್ದ ಗೊಂಚಲನ್ನು ಹೊರಗೆ ತರಬಲ್ಲರು, ಇಲ್ಲದ್ದನ್ನು ಎಲ್ಲಿಂದ ತರುತ್ತಾರೆ? ನಾನು ನಿನಗೆ ಕೇಳಬೇಕಾದ್ದು ಒಂದೇ. ಹೋದ ವರ್ಷ ಮೇ ತಿಂಗಳಲ್ಲಿ ನಿನ್ನ ಪಡದ ಕೆಳಗೆ ಬಿಸಿಲು ಬೀಳುತ್ತಿತ್ತಾ?

ನಮ್ಮ ಕಡೆ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ ಅಂತ ಎಲ್ಲರೂ ಹೇಳುತ್ತೇವೆ. ಹಾಗಾಗಿ ಏಪ್ರಿಲ್ ಕೆಲಸವನ್ನು ಎರಡನೇ ದರ್ಜೆಗೆ ತಳ್ಳಿಬಿಡುತ್ತೇವೆ. ಫೆಬ್ರುವರಿಯಲ್ಲಿ ಕೊಯ್ಯುವ ಗೊಂಚಲು ನಿಜವಾಗಿ ಹುಟ್ಟುವುದು ಅದರ ಹಿಂದಿನ ಮೇ, ಜೂನ್‌ನಲ್ಲಿ. ಏಪ್ರಿಲ್ ಚಾಟ್ನಿ ಆಗಿ ಸುಮಾರು 40ರಿಂದ 70 ದಿನದೊಳಗೆ, ಹೊಸ ಕಡ್ಡಿಯ ಒಂದೊಂದು ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಒಳಗೂ ಒಂದು ಸಣ್ಣ ಮೊಳಕೆ ಕೂತಿರುತ್ತದೆ. ಅದು ಗೊಂಚಲೂ ಆಗಬಹುದು, ತಂತಿಗೆ ಸುತ್ತಿಕೊಳ್ಳುವ ಕುಡಿಬಳ್ಳಿಯೂ ಆಗಬಹುದು. ಎರಡಕ್ಕೂ ಮೂಲ ಒಂದೇ. ಕಣ್ಣಿಗೆ ಬಿಸಿಲು ಸಿಕ್ಕಿ, ಕಡ್ಡಿಯ ಓಟ ನಿಂತು, ಅದರಲ್ಲಿ ಶಕ್ತಿ ಉಳಿದರೆ ಗೊಂಚಲು. ನೆರಳಿನಲ್ಲಿ ಬೆಳೆದು ಓಡುತ್ತಲೇ ಇದ್ದರೆ ಕುಡಿಬಳ್ಳಿ. ನಿನ್ನ ಪಡದಲ್ಲಿ ಹೋದ ನವೆಂಬರ್‌ನಲ್ಲಿ ಅರ್ಧ ಗೊಂಚಲು, ಅರ್ಧ ಕುಡಿ ಇದ್ದದ್ದನ್ನು ನೋಡಿರಬೇಕು. ನಾಲ್ಕು ಹೂವು, ಆಮೇಲೆ ಉದ್ದಕ್ಕೆ ಸುರುಳಿ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ್ದು ಅದು.

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ತಿಕೋಟಾ ಹತ್ತಿರ ನಮ್ಮದು ಎರಡು ಎಕರೆ. ಡಾಗ್‌ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ, 10 ಅಡಿಗೆ 6 ಅಡಿ, ಎಕರೆಗೆ 726 ಗಿಡ. ಸಾವಯವಕ್ಕೆ ಬಂದ ಮೂರನೇ ವರ್ಷ ನನಗೆ ಉತ್ಸಾಹ ಜಾಸ್ತಿ ಇತ್ತು. ಏಪ್ರಿಲ್ ಚಾಟ್ನಿಗೆ ಮೊದಲು ಸಾಲು ಸಾಲಿಗೆ ಸಗಣಿ ಗೊಬ್ಬರ ಹಾಕಿಸಿದೆ. ಆಮೇಲೆ ಜೂನ್ ಮುಗಿಯುವವರೆಗೂ ನೀರು ಬಿಟ್ಟಾಗಲೆಲ್ಲ ಜೀವಾಮೃತ (ಸಗಣಿ, ಗಂಜಲ ಕಲಸಿ ಹುಳಿಸಿದ ನೀರು). ಎಲೆ ನನ್ನ ಅಂಗೈಗಿಂತ ದೊಡ್ಡದಾದವು. ಬಂದವರೆಲ್ಲ ‘ಏನು ಪಡ ಮಾಡೀರಿ ಅಕ್ಕಾರ!’ ಅಂದರು. ನಮ್ಮ ಅತ್ತೆ ಒಬ್ಬರೇ ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ಸಾಲಿನೊಳಗೆ ನಡೆದು ಬಂದು, ‘ಮೇ ತಿಂಗಳದಾಗ ನೆಲ ತಣ್ಣಗೈತಿ, ಇದು ಚಲೋ ಅಲ್ಲ’ ಅಂದರು. ನನಗೆ ಅರ್ಥ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಕಣ್ಣುಗಳೆಲ್ಲ ಒಡೆದವು. ಬಂದದ್ದು ಬರೀ ಕುಡಿ. ಎರಡು ಎಕರೆಗೆ ಆ ವರ್ಷ ಒಣದ್ರಾಕ್ಷಿ ಒಂಬತ್ತು ಕ್ವಿಂಟಲ್. ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಪಕ್ಕದವರು ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ, ತಳ್ಳಿಹಾಕಬೇಡ. ಅವರು ಕಡ್ಡಿಯ ಓಟ ನಿಲ್ಲಿಸಲು ಔಷಧಿ ಹೊಡೆಯುತ್ತಾರೆ, ಓಟ ನಿಲ್ಲುತ್ತದೆ. ನಮಗೆ ಅದು ಬೇಡ ಅಂದಮೇಲೆ ಆ ಕೆಲಸವನ್ನು ಕೈಯಿಂದ ಮಾಡಲೇಬೇಕು. ಔಷಧಿ ಬಿಟ್ಟು ಸುಮ್ನೆ ಕೂತರೆ ಅದು ಸಾವಯವ ಅಲ್ಲ, ಬರೀ ಬಿಟ್ಟ ತೋಟ.

ಈಗ ಮಾರ್ಚ್. ಹಣ್ಣು ಇಳಿದ ಗಿಡಕ್ಕೆ ಮೂರು ವಾರವಾದರೂ ವಿಶ್ರಾಂತಿ ಕೊಟ್ಟು ಆಮೇಲೆ ಚಾಟ್ನಿ ಮಾಡು. ಚಿಗುರು ನಾಲ್ಕೈದು ಎಲೆ ಬಂದಾಗಲೇ ಬೇಡದ್ದನ್ನು ಮುರಿದು ತೆಗೆ. ನಾನು ಗಿಡಕ್ಕೆ 35 ಕಡ್ಡಿ ಬಿಡುತ್ತೇನೆ. ಇನ್ನೂ ಹತ್ತು ಇರಲಿ ಅಂತ ಆಸೆ ಆಗುತ್ತದೆ. ಆ ಹತ್ತೇ ಉಳಿದವುಗಳ ಬಿಸಿಲು ತಿನ್ನುತ್ತವೆ. ಉಳಿಸಿದ ಕಡ್ಡಿ ಒಂಬತ್ತು ಎಲೆಗೆ ಬಂದಾಗ ಏಳು ಎಲೆ ಬಿಟ್ಟು ತುದಿ ಚಿವುಟು. ಮೇಲಿನ ಕಣ್ಣಿನಿಂದ ಬರುವ ಒಂದು ಚಿಗುರು ಮಾತ್ರ ಉಳಿಸಿ, ಉಳಿದ ಬಗಲ ಚಿಗುರೆಲ್ಲ ತೆಗೆ. ಇದೇ ಸಬ್‌ಕೇನ್. ಆ ಗಂಟಿನ ಅಕ್ಕಪಕ್ಕದ ಕಣ್ಣುಗಳಲ್ಲೇ ಮುಂದೆ ಒಳ್ಳೆ ಗೊಂಚಲು ಸಿಗುವುದು. ಚಿವುಟಲು ಕತ್ತರಿ ಬೇಡ, ಹೆಬ್ಬೆರಳಿನ ಉಗುರು ಸಾಕು. ಎಳೆ ತುದಿ ‘ಟಕ್’ ಅಂತ ಮುರಿಯಬೇಕು. ನಾರು ಎಳೆದುಕೊಂಡು ಬಂತು ಅಂದರೆ ನೀನು ನಾಲ್ಕು ದಿನ ತಡ ಮಾಡಿದ್ದೀ. ಎರಡು ಎಕರೆಗೆ ನಾನು, ನೆಗೆಣ್ಣಿ, ಇನ್ನೂ ನಾಲ್ಕು ಹೆಣ್ಣುಮಕ್ಕಳು ಇದೊಂದೇ ಕೆಲಸಕ್ಕೆ ಮೂರು ಸಲ ಸುತ್ತು ಹಾಕುತ್ತೇವೆ. ಸಂಜೆಗೆ ಹೆಬ್ಬೆರಳು ರಸದಿಂದ ಕರ್ರಗಾಗಿರುತ್ತದೆ, ರೊಟ್ಟಿ ಬಡಿಯುವಾಗಲೂ ವಾಸನೆ ಹೋಗಿರುವುದಿಲ್ಲ.

ಚಾಟ್ನಿಯಾಗಿ 40 ದಿನ ದಾಟಿದ ಮೇಲೆ ಸಗಣಿ, ಗಂಜಲದ ನೀರು ನಿಲ್ಲಿಸು. ಸಾರಜನಕ ಸಾಕು. ಹನಿ ನೀರನ್ನೂ ತಗ್ಗಿಸು. ಎಲೆ ಬಾಡಬಾರದು, ತುದಿ ಓಡಬಾರದು, ಅಷ್ಟು. ಕಾರಹುಣ್ಣಿಮೆ ಹೊತ್ತಿಗೆ ನಡುಮಧ್ಯಾಹ್ನ ಸಾಲಿನೊಳಗೆ ನಿಂತು ನೆಲ ನೋಡು. ರೂಪಾಯಿ ನಾಣ್ಯದಷ್ಟು ಬಿಸಿಲಿನ ಚುಕ್ಕೆಗಳು ಅಲ್ಲಲ್ಲಿ ಅಲುಗಾಡುತ್ತಿರಬೇಕು. ನೆಲ ಪೂರ್ತಿ ನೆರಳಾಗಿದ್ದರೆ ಅವತ್ತೇ ಒಳಗಿನ ಚಿಗುರು ತೆಗೆಸು. ನಾನೀಗ ಅತ್ತೆಯವರ ಹಾಗೆ ಚಪ್ಪಲಿ ಬಿಟ್ಟೇ ನಡೆಯುತ್ತೇನೆ.

ಸೆಪ್ಟೆಂಬರ್ ಕೊನೆಗೆ ಬೇರೆ ಬೇರೆ ಸಾಲಿನ ಎಂಟು ಹತ್ತು ಕಡ್ಡಿ ಕತ್ತರಿಸಿ ಮೊಗ್ಗು ಪರೀಕ್ಷೆಗೆ ಕೊಡು. ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟನೇ ಕಣ್ಣಿನಲ್ಲಿ ಗೊಂಚಲಿದೆ ಅಂತ ಹೇಳುತ್ತಾರೆ. ಅದಕ್ಕೆ ತಕ್ಕಂತೆ ಅಕ್ಟೋಬರ್‌ನಲ್ಲಿ ಕತ್ತರಿ ಹಾಕಿಸು. ಎಲ್ಲಿ ಮಾಡುತ್ತಾರೆ ಅಂತ ನಿಮ್ಮ ಭಾಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸು.

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ಹತ್ತು ಗುಂಟೆಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ನೀವು ಬರೆಯುವ ಏಪ್ರಿಲ್, ಅಕ್ಟೋಬರ್ ಲೆಕ್ಕ ನಮಗೂ ಆಗುತ್ತದೆಯೇ ಮೇಡಂ?

ಉತ್ತರ: ಆಗುವುದಿಲ್ಲ. ನಿಮ್ಮದು ಬೇರೆ ಜಾತಿಯ ಬಳ್ಳಿ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ನಮ್ಮ ತಿಂಗಳ ಲೆಕ್ಕ ಹಿಡಿದು ಒಂದು ಬೆಳೆ ಕಳೆದುಕೊಳ್ಳಬೇಡಿ, ನಿಮ್ಮೂರಿನ ಹಳಬರನ್ನು ಕೇಳಿ. ಅದು ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ದಾವಣಿ (ಡೌನಿ ಮಿಲ್ಡ್ಯೂ) ರೋಗಕ್ಕೆ ಮಾತ್ರ ಬಗ್ಗುತ್ತದೆ. ದಪ್ಪ ಸಿಪ್ಪೆ, ಒಳಗೆ ಬೀಜ, ಆ ಗಾಢ ಪರಿಮಳ. ಜ್ಯೂಸಿಗೆ ಅದಕ್ಕಿಂತ ಒಳ್ಳೆಯದು ನಾನು ಕುಡಿದಿಲ್ಲ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ. ಕಿತ್ತು ಬೇರೆ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಪ್ರಶ್ನೆ: ಬೋರ್ಡೋ ದ್ರಾವಣ ಹೊಡೆದು ಎಳೆ ಎಲೆ ಸುಟ್ಟವು. ಎಲ್ಲಿ ತಪ್ಪಿದೆ?
– ಓದುಗರು, ಜಮಖಂಡಿ

ಉತ್ತರ: ಸುಣ್ಣ ಕಡಿಮೆಯಾಗಿದೆ, ಅಥವಾ ಸುಣ್ಣ ಹಳೆಯದು. ಶೇ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎಳೆ ಎಲೆಗೆ ಅದರ ಅರ್ಧ ಸಾಕು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸೋಸಿ, ಆಮೇಲೆ ಕೂಡಿಸಿ. ಕಬ್ಬಿಣದ ಡಬ್ಬಿ ಬೇಡವೇ ಬೇಡ. ಕೂಡಿಸಿದ ಮೇಲೆ ತಿಕ್ಕಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಬಿಡಿಯಾಗಿ ಉಳಿದಿದೆ, ಅದೇ ಎಲೆ ಸುಡುವುದು. ಚಾಕು ಬೆಳ್ಳಗೆ ಬರುವವರೆಗೆ ಸುಣ್ಣದ ನೀರು ಸೇರಿಸಿ, ಅದೇ ದಿನ ಹೊಡೆದು ಮುಗಿಸಿ. ಸಾವಯವ ಪ್ರಮಾಣಪತ್ರ ಇದ್ದರೆ ತಾಮ್ರಕ್ಕೆ ಮಿತಿ ಇದೆ. ಆದ್ದರಿಂದ ಅದನ್ನು ಸ್ವಾತಿ ಮಳೆಯ ಹೊತ್ತಿಗೆ, ಹೂವಿನ ಮೊದಲು ಬರುವ ದಾವಣಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ಗಂಧಕದ ಹೊಗೆ ಕೊಡದೆ, ಡಿಪಿಂಗ್ ಆಯಿಲ್ ಇಲ್ಲದೆ ಒಣಗಿಸಿದೆ. ಒಣದ್ರಾಕ್ಷಿ ಕಂದು ಬಣ್ಣ ಬಂತು. ವ್ಯಾಪಾರಿ ಮುಖ ತಿರುಗಿಸಿದ.
– ಓದುಗರು, ಇಂಡಿ

ಉತ್ತರ: ಕಂದು ಬಣ್ಣವೇ ಅದರ ಸಹಜ ಬಣ್ಣ. ಹಳದಿ ಬರುವುದು ಗಂಧಕದಿಂದ. ಆಯಿಲ್‌ನಲ್ಲಿ ಅದ್ದಿದರೆ ಸಿಪ್ಪೆಯ ಮೇಣ ಒಡೆದು ಹದಿನೈದು ದಿನದಲ್ಲಿ ಒಣಗುತ್ತದೆ. ನಮ್ಮದಕ್ಕೆ ಶೆಡ್ಡಿನಲ್ಲಿ ಒಂದು ತಿಂಗಳ ಹತ್ತಿರ ಬೇಕು, ಅಷ್ಟು ದಿನವೂ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹಣ್ಣು 22 ಬ್ರಿಕ್ಸ್ (ಸಿಹಿಯ ಅಳತೆ) ದಾಟುವವರೆಗೆ ಕೊಯ್ಯಬೇಡಿ. ಸಿಹಿ ಕಡಿಮೆ ಇದ್ದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬರುವುದಿಲ್ಲ. ಬಣ್ಣ ನೋಡಿ ಬೆಲೆ ಕಟ್ಟುವ ಮಾರುಕಟ್ಟೆಗೆ ಇದನ್ನು ಒಯ್ಯುವುದನ್ನು ನಾನು ಬಿಟ್ಟೆ. ಒಂದು ಕಿಲೋ ಚೀಲ ಮಾಡಿ ಮನೆಗಳಿಗೆ ಕೊಡುತ್ತೇನೆ. ಮೊದಲ ಸಲ ತಿಂದು ನೋಡಲು ಒಂದು ಹಿಡಿ ಕೊಡಿ. ಬಣ್ಣದ ಮಾತು ಅಲ್ಲಿಗೆ ನಿಲ್ಲುತ್ತದೆ.

ಪ್ರಶ್ನೆ: ಅಕ್ಕಾ, ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಪ್ಪನ ಜಮೀನಿದೆ. ದ್ರಾಕ್ಷಿ ಹಾಕುವ ಮೊದಲು ಒಂದು ತಿಂಗಳು ಯಾರದಾದರೂ ತೋಟದಲ್ಲಿ ದುಡಿದು ಕಲಿಯಬೇಕು ಅಂತಿದ್ದೇನೆ. ಕೊಯ್ಲಿನ ಹೊತ್ತಿಗೆ ಫೆಬ್ರುವರಿಯಲ್ಲಿ ಬರಲಾ?

ಉತ್ತರ: ಫೆಬ್ರುವರಿಯಲ್ಲಿ ಬಂದರೆ ಗೊಂಚಲು ಕೊಯ್ದು ಕ್ರೇಟ್ ತುಂಬುವುದು ಕಲಿಯುತ್ತೀರಿ ತಂಗಿ. ಅದು ಎರಡು ದಿನದ ಕಲಿಕೆ. ಚಾಟ್ನಿ ಆಗಿ ಇಪ್ಪತ್ತು ದಿನಕ್ಕೆ, ಮೇ ತಿಂಗಳಲ್ಲಿ ಬನ್ನಿ. ಯಾವ ಚಿಗುರು ಇರಬೇಕು, ಯಾವುದು ಹೋಗಬೇಕು ಅಂತ ದಿನಕ್ಕೆ ಸಾವಿರ ಸಲ ತೀರ್ಮಾನ ಮಾಡಬೇಕಾಗುತ್ತದೆ. ಹದಿನೈದನೇ ದಿನಕ್ಕೆ ಕೈ ತಾನೇ ಹೋಗುತ್ತದೆ. ಬಿಸಿಲು 40 ಡಿಗ್ರಿ ಮುಟ್ಟುವ ಕಾಲ, ಹೇಳಿಬಿಡುತ್ತೇನೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಬಿಡುತ್ತೇವೆ, ಮತ್ತೆ ನಾಲ್ಕಕ್ಕೆ. ತೋಳು ಮುಚ್ಚುವ ಹತ್ತಿ ಅಂಗಿ ತನ್ನಿ, ತಲೆಗೆ ಕಟ್ಟಲು ಒಂದು ವಸ್ತ್ರ ತನ್ನಿ. ಹೆಬ್ಬೆರಳಿನ ಉಗುರು ಮಾತ್ರ ಈಗಿನಿಂದ ಕತ್ತರಿಸಬೇಡಿ.