ಕೋವಿ ಕೊಟ್ಟದ್ದು ಕೋರ್ಟಲ್ಲ

ನಿಮ್ಮ ಪ್ರಶ್ನೆ ನೋಡಿ ನಗು ಬಂತು, ಬೆಂಗಳೂರಿಂದ ಬರುವ ನೆಂಟರೂ ಇದನ್ನೇ ಕೇಳುತ್ತಾರೆ. ಹೈಕೋರ್ಟ್ ಕೊಡಗಿನವರಿಗೆಲ್ಲ ಲೈಸೆನ್ಸ್ ಇಲ್ಲದೆ ಕೋವಿ ಕೊಟ್ಟಿದೆಯಂತೆ, ಹೌದಾ ಅಂತ. ಕೋರ್ಟ್ ಏನೂ ಕೊಟ್ಟಿಲ್ಲ. ಎಲ್ಲರಿಗೂ ಅನ್ನುವುದೂ ತಪ್ಪು. ವಿನಾಯಿತಿ ಇರುವುದು ಕೊಡವರಿಗೆ, ಮತ್ತೆ ಜಮ್ಮಾ ಜಮೀನು, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಬಂದ ಹಿಡುವಳಿ, ಇರುವವರಿಗೆ. ನಾವು ಅರೆಭಾಷೆ ಗೌಡರು, ನಮ್ಮದು ಜಮ್ಮಾ ಲೆಕ್ಕ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಈಗ ಆಯುಧ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಮುಂದುವರಿಸಿದೆ, 2029ರ ಅಕ್ಟೋಬರ್ ತನಕ.

ಜಾತಿ ನೋಡಿ, ಜಮೀನು ನೋಡಿ ವಿನಾಯಿತಿ ಕೊಟ್ಟರೆ ಸಂವಿಧಾನದ 14ನೇ ವಿಧಿಯ ಸಮಾನತೆ ಎಲ್ಲಿ ಉಳಿಯಿತು ಅಂತ ಒಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಇದ್ದ ಪೀಠ ಅರ್ಜಿ ವಜಾ ಮಾಡಿತು. ಸ್ವಾತಂತ್ರ್ಯಕ್ಕೆ ಮೊದಲಿನಿಂದ ಇರುವ ವಿನಾಯಿತಿ, ಅದೂ ಕಾಯಂ ಅಲ್ಲ, ಹತ್ತು ವರ್ಷಕ್ಕೆ, ಷರತ್ತಿನ ಮೇಲೆ, ಹಾಗಾಗಿ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದಿತು. ಅಷ್ಟೇ. ಇದು ಒಳ್ಳೆಯ ಪದ್ಧತಿಯಾ, ಇರಲೇಬೇಕಾ ಅನ್ನುವುದು ಬೇರೆ ಮಾತು. ಅದನ್ನು ತೀರ್ಮಾನಿಸಬೇಕಾದವರು ಸರ್ಕಾರದವರು. ಊರಲ್ಲಿ ಮಾತ್ರ ಅವತ್ತು ಕೇಸು ಗೆದ್ದೆವು ಅಂತ ಜೋರು ಖುಷಿ!

ನನಗೇನೋ ಅರ್ಜಿ ಹಾಕಿದವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದು ಅನ್ನಿಸುವುದಿಲ್ಲ. ನಮ್ಮ ಗಡಿಯ ಊರು ಕುಟ್ಟ ದಾಟಿದರೆ ಕೇರಳದ ತೋಲ್ಪೆಟ್ಟಿ, ಅದೇ ಕಾಡು, ಅದೇ ಆನೆ, ಆದರೆ ಅಲ್ಲಿಯವರಿಗೆ ಲೈಸೆನ್ಸ್ ಬೇಕು. ಅಷ್ಟು ದೂರ ಯಾಕೆ, ನಮ್ಮ ತೋಟದ ಲೈನ್ ಮನೆಯಲ್ಲೇ ಇರುವ ಯರವ ಬುಡಕಟ್ಟಿನ ಕೆಲಸದವರಿಗೆ ಆನೆ ಎದುರಾಗುವುದು ನಮಗಿಂತ ಜಾಸ್ತಿ, ಅವರಿಗೆ ಜಮ್ಮಾ ಎಲ್ಲಿಂದ ಬರಬೇಕು? ಹಿಂದಿನಿಂದ ಇದೆ ಅನ್ನುವ ಕಾರಣ ನಮ್ಮ ಮನೆಯ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಸಾಕು, ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತೇವೆ. ಸಮಾನತೆಯ ಪ್ರಶ್ನೆಗೆ ಅದೊಂದೇ ಸಾಕಾ, ನನಗೆ ಅನುಮಾನ. ಅಣ್ಣನ ಹತ್ತಿರ ಹೀಗೆ ಹೇಳಿ ಬೈಸಿಕೊಂಡಿದ್ದೇನೆ.

ಈ ಕೋವಿಯಲ್ಲಿ ಕಾಡುಹಂದಿ ಹೊಡೆಯಬಹುದಾ ಅಂತಲೂ ಕೇಳಿದ್ದೀರಿ ಅಲ್ವಾ? ಇಲ್ಲ. ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, 1972ರ ವನ್ಯಜೀವಿ ಕಾಯ್ದೆ ನಿಮಗೂ ನಮಗೂ ಒಂದೇ.