ಅಂಡೂ ಒತ್ತಿದರೆ ಅದು ಮೋಸವೇ?

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದಿಂದ ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸಿ ಸಂಪಾದಿಸುತ್ತಿದ್ದೇನೆ. ಯಾರ ಹತ್ತಿರವೂ ಕಲಿತಿಲ್ಲ, ನೋಡಿ ನೋಡಿ ಬಂದದ್ದು. ಈಗ ಮಕ್ಕಳ ಪುಸ್ತಕವೊಂದಕ್ಕೆ ಪೂರ್ತಿ ಚಿತ್ರ ಮಾಡಿಕೊಡಿ ಎಂದು ಮೇಲ್ ಬಂದಿದೆ. ಖುಷಿಗಿಂತ ಭಯವೇ ಜಾಸ್ತಿ. ಒಂದು ಗೆರೆಗೆ ಹತ್ತು ಸಲ ಅಂಡೂ (ಈಗಷ್ಟೇ ಎಳೆದದ್ದನ್ನು ಅಳಿಸುವ ಆಯ್ಕೆ) ಒತ್ತುತ್ತೇನೆ. ಫೋಟೊ ನೋಡಿಕೊಂಡು ಬಿಡಿಸುತ್ತೇನೆ. ಟ್ಯಾಬ್ಲೆಟ್‌ನಲ್ಲಿ ಬಳಸುವ ಡಿಜಿಟಲ್ ಬ್ರಷ್‌ಗಳೂ ಬೇರೆಯವರು ಮಾಡಿದ್ದು, ಕೊಂಡದ್ದೇ. 'ಎಲ್ಲಾ ಕಂಪ್ಯೂಟರೇ ಮಾಡುತ್ತೆ ಅಲ್ವಾ' ಎಂದರು ಒಬ್ಬ ಸಂಬಂಧಿಕರು. ಮೊನ್ನೆ ಇನ್ಯಾರೋ 'ಇದು ಎಐ ಚಿತ್ರಾನಾ' ಎಂದು ಕೇಳಿದರು. ಹೊಗಳಿದವರಿಗೆಲ್ಲ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಕೆಲಸ ಬೇಡ ಅಂದುಬಿಡಲಾ? ಇಲ್ಲ, ಕಡಿಮೆ ದುಡ್ಡಿಗೆ ಒಪ್ಪಿಕೊಳ್ಳಲಾ?

ಉತ್ತರ: ಎರಡೂ ಬೇಡ.

ಮೋಸ ಆಗಿದ್ದರೆ ಮೋಸ ಹೋದವರೊಬ್ಬರು ಇರಬೇಕಲ್ಲ? ನಿಮ್ಮ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಪುಸ್ತಕದವರು ನಿಮ್ಮ ಚಿತ್ರ ನೋಡಿಯೇ ಕರೆದಿದ್ದಾರೆ. ಒಂದು ಗೆರೆಯನ್ನೂ ಅಳಿಸದೆ ಬಿಡಿಸುತ್ತೇನೆ ಎಂದು ನೀವು ಹೇಳಿಲ್ಲ, ಅವರೂ ಕೇಳಿಲ್ಲ. ಬೇರೆ ಕಲಾವಿದರ ಚಿತ್ರದ ಮೇಲೆ ಹೊಸ ಲೇಯರ್ (ಪಾರದರ್ಶಕ ಹಾಳೆಯಂಥ ಪದರ) ಹಾಕಿ, ಹಾಗೇ ತಿದ್ದಿ ನನ್ನದು ಅಂದಿದ್ದರೆ ಮಾತು ಬೇರೆ. ಎಐ ಕೊಟ್ಟದ್ದನ್ನು ಕೈಯಾರೆ ಬಿಡಿಸಿದ್ದು ಅಂದಿದ್ದರೂ ಅಷ್ಟೇ. ನೀವು ಹಾಗೇನೂ ಮಾಡಿಲ್ಲ.

ಅಂಡೂ ವಿಷಯವನ್ನೇ ನೋಡಿ. ಮಗುವೊಂದು ಬಗ್ಗಿ ನೆಲದಿಂದ ಏನೋ ಎತ್ತಿಕೊಳ್ಳುತ್ತಿದೆ ಎಂದುಕೊಳ್ಳಿ. ಬೆನ್ನಿನ ಗೆರೆ ಕೂದಲೆಳೆಯಷ್ಟು ನೆಟ್ಟಗಾದರೂ ಮಗು ಮರಗಟ್ಟಿದ ಹಾಗೆ ಕಾಣುತ್ತದೆ. ಟ್ಯಾಬ್ಲೆಟ್‌ಗೆ ಅದು ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುತ್ತದೆ. ಎರಡು ಬೆರಳು ತಾಗಿಸಿ ಆ ಗೆರೆ ತೆಗೆದು ಮತ್ತೆ ಎಳೆಯುತ್ತೀರಿ. ಒಂಬತ್ತು ಗೆರೆ ಬೇಡ ಎಂದು ಹತ್ತನೆಯದನ್ನು ಉಳಿಸಿಕೊಳ್ಳುವ ಆ ಕಣ್ಣಿಗೇ ಅವರು ದುಡ್ಡು ಕೊಡುವುದು.

ಇನ್ನು ಫೋಟೊ. ಪ್ರಸಿದ್ಧ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಜನರನ್ನು ಬೇಕಾದ ಹಾಗೆ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು, ಅದನ್ನು ಪ್ರೊಜೆಕ್ಟರ್‌ನಲ್ಲಿ ದೊಡ್ಡದು ಮಾಡಿ ಗೆರೆ ಹಾಕಿಕೊಳ್ಳುತ್ತಿದ್ದರು. ವ್ಯಾನ್ ಗೋ 1882ರಲ್ಲಿ ದಾರ ಬಿಗಿದ ಚೌಕಟ್ಟೊಂದನ್ನು ಮಾಡಿಸಿಕೊಂಡು, ಅದರೊಳಗಿಂದ ನೋಡಿ ದೂರ-ಹತ್ತಿರದ ಅಳತೆ ಹಿಡಿಯುತ್ತಿದ್ದ. ಬಣ್ಣ ತುಂಬಿದ ತಗಡಿನ ಟ್ಯೂಬ್‌ಗೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ. ರೆಡಿಮೇಡ್ ಬಣ್ಣ ಬಳಸುವವರನ್ನು ಈಗ ಯಾರೂ ಕಳ್ಳ ಕಲಾವಿದರು ಅನ್ನುವುದಿಲ್ಲ. ನಿಮ್ಮ ಬ್ರಷ್‌ಗಳದೂ ಅದೇ ಕಥೆ. ಒಂದು ಮಾತ್ರ ನೆನಪಿರಲಿ: ಯಾರೋ ತೆಗೆದ ಒಂದೇ ಫೋಟೊವನ್ನು ಇದ್ದ ಹಾಗೇ ಇಳಿಸಬೇಡಿ, ಹಕ್ಕಿನ ತಕರಾರು ಬರುತ್ತದೆ. ಸಾಧ್ಯವಾದಷ್ಟು ನೀವೇ ತೆಗೆದುಕೊಳ್ಳಿ.

ನಿಮಗಿರುವ ಈ ಭಾವನೆಗೆ ಇಂಪೋಸ್ಟರ್ ಫಿನಾಮಿನನ್ (ನಾನು ನಕಲಿ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂಬ ಅನಿಸಿಕೆ) ಎಂದು ಹೆಸರಿಟ್ಟವರು ಪಾಲಿನ್ ಕ್ಲಾನ್ಸ್ ಮತ್ತು ಸೂಜಾನ್ ಇಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು, 1978ರಲ್ಲಿ. ಅವರು ಬರೆದದ್ದು ಚೆನ್ನಾಗಿ ಓದಿದ, ದೊಡ್ಡ ಕೆಲಸದಲ್ಲಿದ್ದ ಹೆಂಗಸರ ಬಗ್ಗೆ. ಗೆದ್ದರೂ ಅದು ಅದೃಷ್ಟ, ಇಲ್ಲಾ ಯಾರದೋ ತಪ್ಪು ಲೆಕ್ಕ ಅಂದುಕೊಳ್ಳುತ್ತಿದ್ದರಂತೆ. ಹಾಗಾಗಿ 'ಇನ್ನೊಂದಿಷ್ಟು ಒಳ್ಳೆ ಕೆಲಸ ಮಾಡಿ ಧೈರ್ಯ ಬಂದಮೇಲೆ ಒಪ್ಪಿಕೊಳ್ತೀನಿ' ಎಂದು ಸುಮ್ನೆ ಕಾಯಬೇಡಿ. ಆ ಲೆಕ್ಕದಲ್ಲಿ ಧೈರ್ಯ ಬರುವುದೇ ಇಲ್ಲ. ಇದು ಕಾಯಿಲೆಯೇನಲ್ಲ. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟು, ಪೆನ್ ಹಿಡಿಯುವುದೇ ಬೇಡ ಅನ್ನಿಸಿದರೆ ಆಪ್ತಸಮಾಲೋಚಕರನ್ನು ನೋಡಿ.

ಎಐ ಪ್ರಶ್ನೆ ಚುಚ್ಚುತ್ತದೆ, ನಿಜ. ಕೇಳಿದವರೆಲ್ಲ ಕೆಟ್ಟವರಲ್ಲ, ಈಗ ಎಲ್ಲರಿಗೂ ಅನುಮಾನ. ಲೇಯರ್ ಇರುವ ಫೈಲ್, ಮೊದಲ ಕಚ್ಚಾ ಸ್ಕೆಚ್, ಬಿಡಿಸಿದ್ದನ್ನೆಲ್ಲ ವೇಗವಾಗಿ ಓಡಿಸಿ ತೋರಿಸುವ ಟೈಮ್‌ಲ್ಯಾಪ್ಸ್ ವಿಡಿಯೊ ಇಟ್ಟುಕೊಳ್ಳಿ. ಕೆಲಸ ಕೊಡುವವರು ಕೇಳಿದರೆ ತೋರಿಸಿ. ಸಂಬಂಧಿಕರಿಗೆ ತೋರಿಸುತ್ತಾ ಕೂರಬೇಡಿ. ಅಲ್ಲಿ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಹೆದರಲೇಬೇಕಿದ್ದರೆ ಕೆಲಸದ ವಿಷಯಕ್ಕೆ ಹೆದರಿ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಮೊದಲ ಪುಟದ ಹುಡುಗಿ ಕೊನೆಯ ಪುಟದಲ್ಲೂ ಅದೇ ಹುಡುಗಿಯಾಗಿ ಕಾಣಬೇಕು. ಅದು ಕಷ್ಟ. ಆಕೆಯನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬಿಡಿಸಿ. ನಗುವಾಗ, ಅಳುವಾಗ, ಓಡುವಾಗ ಹೇಗಿರುತ್ತಾಳೆ ಎಂದು ಒಂದು ಹಾಳೆ ಮಾಡಿ ಎದುರಿಗಿಟ್ಟುಕೊಳ್ಳಿ. ಬೆರಳು ಸರಿಯಾಗಿ ಬರಲ್ಲ ಅನ್ನಿಸಿದರೆ ಬೆರಳನ್ನೇ ಅಭ್ಯಾಸ ಮಾಡಿ. 'ನನಗೆ ಏನೂ ಬರಲ್ಲ' ಅನ್ನುವುದನ್ನು ಅಭ್ಯಾಸ ಮಾಡಿ ಸರಿಮಾಡಲು ಆಗುವುದಿಲ್ಲ. ಹಾಗೇ, ನಾನೂರು ಪರ್ಸೆಂಟ್ ಜೂಮ್ ಮಾಡಿ ರೆಪ್ಪೆ ತಿದ್ದುತ್ತಾ ಕೂರಬೇಡಿ. ಯಾವ ಮಗುವೂ ಪುಸ್ತಕವನ್ನು ಹಾಗೆ ನೋಡುವುದಿಲ್ಲ.

ಇವತ್ತೇ ಉತ್ತರ ಬರೆಯಿರಿ. ಈಗಾಗಲೇ ತಡವಾಗಿದ್ದರೆ 'ಕ್ಷಮಿಸಿ' ಎಂದರೆ ಸಾಕು, ಕಾರಣ ಬೇಡ. ಎಷ್ಟು ಪುಟ, ಯಾವ ಅಳತೆ, ಯಾವಾಗ ಬೇಕು ಎಂದು ಕೇಳಿ. ಸ್ಕೆಚ್ ಒಪ್ಪಿಗೆಯಾದ ಮೇಲೇ ಬಣ್ಣ, ತಿದ್ದುಪಡಿ ಎರಡು ಸಲ ಮಾತ್ರ ಎಂದು ಬರೆಯಿರಿ. ಕೆಳಗೆ ನಿಮ್ಮ ಮಾಮೂಲಿ ದರ ಹಾಕಿ. 'ಮೊದಲ ಪುಸ್ತಕ, ಹಾಗಾಗಿ ಸ್ವಲ್ಪ ಕಡಿಮೆ ಮಾಡುತ್ತೇನೆ' ಎಂದು ಸೇರಿಸಲು ಕೈ ತುಡಿಯುತ್ತದೆ. ಸೇರಿಸಬೇಡಿ. ಕಡಿಮೆ ಮಾಡಿ ಎಂದು ಅವರಿನ್ನೂ ಕೇಳಿಯೇ ಇಲ್ಲ.